ಮಿದುಳುಪೊರೆಯ ಕ್ಷಯ: ಎಲ್ಲರಿಗೂ ಒಂದೇ ಅಳತೆಗೋಲು ಏಕೆ ಬೇಕು?

(ಸಂಘದ ವಾರ್ಷಿಕ ಸಭೆಯಲ್ಲಿ ಸದಸ್ಯರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)





ಶಿಕ್ಷಣದ ಮಹತ್ವದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಪದಾಧಿಕಾರಿಗಳು ನನ್ನನ್ನು ಕೇಳಿಕೊಂಡಿದ್ದರು. ಆ ವಿಷಯದ ಮೇಲೆ ನನಗಿಂತ ಚೆನ್ನಾಗಿ ಮಾತನಾಡುವವರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಾನು ಇಂದು ಒಂದು ಕಾಯಿಲೆಯ ಬಗ್ಗೆ ಮಾತನಾಡುತ್ತೇನೆ. ಉರ್ದು ಮತ್ತು ಕನ್ನಡ ಕಲಿಸುವವರಿಗೆ ಕಾಯಿಲೆಯ ಉಸಾಬರಿ ಏಕೆ ಎಂದು ನಿಮಗೆ ಅನ್ನಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿರಿ. ಕೊನೆಯಲ್ಲಿ ಇದೂ ಶಿಕ್ಷಣದ ಮಾತೇ ಎಂದು ನೀವೇ ಒಪ್ಪುತ್ತೀರಿ ಎಂಬ ಭರವಸೆ ನನಗಿದೆ.

ನಮ್ಮ ಏಳನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಓದಿನಲ್ಲಿ ಮುಂದು, ಅಕ್ಷರವಂತೂ ಮುತ್ತು ಪೋಣಿಸಿದಂತೆ. ಒಂದು ದಿನ ಮಧ್ಯಾಹ್ನ ತಲೆನೋವು ಎಂದು ರಜೆ ಕೇಳಿ ಮನೆಗೆ ಹೋದಳು. ಮರುದಿನ ಬರಲಿಲ್ಲ. ಎರಡು ದಿನ ಬಂದಳು, ಮತ್ತೆ ಬರಲಿಲ್ಲ. ಬಂದ ದಿನವೂ ಮೇಜಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು. ಮನೆಯಲ್ಲಿ ಒಬ್ಬರು ಕನ್ನಡಕ ಬೇಕು ಎಂದರು, ಮತ್ತೊಬ್ಬರು ನಜರ್ ಆಗಿದೆ ಎಂದು ನೀರು ಊದಿಸಿದರು. ಒಂದು ದವಾಖಾನೆಯಲ್ಲಿ ಟೈಫಾಯಿಡ್ ಎಂದು ಔಷಧಿ ಕೊಟ್ಟರು. ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ನಂತರ ವಾಂತಿ, ಆಮೇಲೆ ಒಂದು ಕಣ್ಣು ಓರೆಯಾಯಿತು. ಒಂದು ಬೆಳಿಗ್ಗೆ ಕರೆದರೂ ಏಳಲಿಲ್ಲ. ದೊಡ್ಡ ಆಸ್ಪತ್ರೆಗೆ ಸೇರಿಸಿದರು.

ನಾನು ನೋಡಲು ಹೋದಾಗ ಅಲ್ಲಿನ ಕಿರಿಯ ವೈದ್ಯರೊಬ್ಬರು ಮನೆಯವರನ್ನು ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳುತ್ತಿದ್ದರು: ತಲೆನೋವು ಶುರುವಾದದ್ದು ಯಾವತ್ತು? ತಾಯಿ ಎಂಟು ದಿನ ಎಂದರು. ತಂದೆ ಹದಿನೈದು ಎಂದರು. ಅಜ್ಜಿ, ಚಾಂದ್ ಕಂಡ ಮೇಲೆ ಎಂದರು. ಆಗ ನನಗೆ ಶಾಲೆಯ ಹಾಜರಿ ಪುಸ್ತಕ ನೆನಪಾಯಿತು. ಫೋನು ಮಾಡಿ ಕೇಳಿದೆ. ಮೊದಲ ಅರ್ಧ ದಿನದ ರಜೆಯಿಂದ ಅಂದಿನವರೆಗೆ ಎಣಿಸಿದರೆ 23 ದಿನಗಳು. ವೈದ್ಯರು ಆ ಅಂಕಿಯನ್ನು ಬರೆದುಕೊಂಡರು. ಎರಡನೆಯ ಪ್ರಶ್ನೆ ಕೇಳಿದರು: ಮನೆಯಲ್ಲಿ ಯಾರಿಗಾದರೂ ಟಿ.ಬಿ. ಇದೆಯೇ? ಎಲ್ಲರೂ ಇಲ್ಲ ಎಂದರು. ಮೂರನೆಯ ದಿನ ಆ ಹುಡುಗಿಯ ಚಿಕ್ಕಪ್ಪ ವೈದ್ಯರನ್ನು ಪಕ್ಕಕ್ಕೆ ಕರೆದು, ತಾನು ಆರು ತಿಂಗಳ ಹಿಂದೆ ಟಿ.ಬಿ. ಗುಳಿಗೆ ಆರಂಭಿಸಿ ನಡುವೆಯೇ ಬಿಟ್ಟದ್ದನ್ನು ಹೇಳಿಕೊಂಡರು. ಅವರ ಮದುವೆಯ ಮಾತು ನಡೆಯುತ್ತಿತ್ತು, ಅದಕ್ಕೆ ಎಲ್ಲರೂ ಮುಚ್ಚಿಟ್ಟಿದ್ದರು.

ಅವಳಿಗೆ ಬಂದದ್ದು ಟಿ.ಬಿ. ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಯ ಕ್ಷಯ. ಆ ಎರಡು ಪ್ರಶ್ನೆಗಳಿಗೆ ಅಷ್ಟೊಂದು ಬೆಲೆ ಏಕೆ ಎಂದು ನಂತರ ನಾನು ಓದಿ ತಿಳಿದುಕೊಂಡೆ. ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕ್ಷಯದ ರೋಗಾಣುವನ್ನು ರಾಬರ್ಟ್ ಕಾಕ್ ಎಂಬ ವಿಜ್ಞಾನಿ 1882ರಲ್ಲಿ ಗುರುತಿಸಿದನು. ಅದು ಸಾಮಾನ್ಯವಾಗಿ ಶ್ವಾಸಕೋಶದಲ್ಲಿ ನೆಲೆಸುತ್ತದೆ. ಕೆಲವರಲ್ಲಿ, ವಿಶೇಷವಾಗಿ ಚಿಕ್ಕ ಮಕ್ಕಳಲ್ಲಿ ಮತ್ತು ಎಚ್‌.ಐ.ವಿ. ಸೋಂಕಿನಿಂದ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ, ರಕ್ತದ ಮೂಲಕ ಮಿದುಳಿನ ಪೊರೆಯನ್ನು ತಲುಪುತ್ತದೆ. ಬೇರೆ ಮೆನಿಂಜೈಟಿಸ್‌ಗಳಲ್ಲಿ ಕೆಲವು ಗಂಟೆಗಳಲ್ಲೋ ಒಂದೆರಡು ದಿನಗಳಲ್ಲೋ ಆಗುವ ಅನಾಹುತ ಇದರಲ್ಲಿ ವಾರಗಟ್ಟಲೆ ನಿಧಾನವಾಗಿ ನಡೆಯುತ್ತದೆ. ನಿಧಾನವಾದ್ದರಿಂದಲೇ ನಾವು ಮೋಸ ಹೋಗುತ್ತೇವೆ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬರುವವರೆಗೆ ಈ ಕಾಯಿಲೆ ಬಂದವರು ಬದುಕುತ್ತಲೇ ಇರಲಿಲ್ಲ ಎನ್ನಬಹುದು. ಇಂದಿಗೂ ಕ್ಷಯದ ಎಲ್ಲ ರೂಪಗಳಲ್ಲಿ ಇದೇ ಅತ್ಯಂತ ಭೀಕರ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಚಿಕಿತ್ಸೆ ಪಡೆದ ಮಕ್ಕಳಲ್ಲಿಯೂ ಸುಮಾರು ಐದರಲ್ಲಿ ಒಬ್ಬರು ಸಾಯುತ್ತಾರೆ. ಉಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದಿಲ್ಲೊಂದು ನರಸಂಬಂಧಿ ಊನ ಉಳಿದುಬಿಡುತ್ತದೆ. ಜಗತ್ತಿನ ಒಟ್ಟು ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ಭಾರತದಲ್ಲೇ ಇದ್ದಾರೆ. ಆದ್ದರಿಂದ ಇದು ಬೇರೆಯವರ ಮನೆಯ ಮಾತಲ್ಲ.

ಈ ರೋಗದ ದೊಡ್ಡ ತೊಡಕು, ಅದನ್ನು ಖಚಿತವಾಗಿ ಹಿಡಿಯುವುದು. ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸುತ್ತಾರೆ. ಆದರೆ ಆ ನೀರಿನಲ್ಲಿ ರೋಗಾಣುಗಳ ಸಂಖ್ಯೆ ತೀರಾ ಕಡಿಮೆ. ಸೂಕ್ಷ್ಮದರ್ಶಕದಲ್ಲಿ ಅನೇಕ ಬಾರಿ ಕಾಣುವುದೇ ಇಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿ ನೋಡಲು ವಾರಗಳೇ ಬೇಕು, ರೋಗಿಗೆ ಅಷ್ಟು ಸಮಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಶಿಫಾರಸು ಮಾಡಿದ ಎಕ್ಸ್‌ಪರ್ಟ್ ಅಲ್ಟ್ರಾ ಎಂಬ ಪರೀಕ್ಷೆ ಗಂಟೆಗಳಲ್ಲಿ ಉತ್ತರ ಕೊಡುತ್ತದೆ. ಆದರೆ ಅದರಲ್ಲಿ ಇಲ್ಲ ಎಂದು ಬಂದರೂ ರೋಗ ಇಲ್ಲವೇ ಇಲ್ಲ ಎಂದು ಹೇಳುವಂತಿಲ್ಲ. ಹಾಗಾಗಿ ವೈದ್ಯರು ಎಷ್ಟೋ ಬಾರಿ ಬಲವಾದ ಅನುಮಾನದ ಮೇಲೆಯೇ ಚಿಕಿತ್ಸೆ ಆರಂಭಿಸುತ್ತಾರೆ. ಅದು ಸರಿಯೂ ಹೌದು.

ರೋಗಿಯ ಹಾಸಿಗೆಯ ಪಕ್ಕದಲ್ಲಿ ಅನುಮಾನ ಸಾಕು. ಸಂಶೋಧನೆಯಲ್ಲಿ ಅದು ಸಾಲದು. ಇಲ್ಲಿಂದ ನನ್ನ ಮುಖ್ಯ ವಿಷಯ ಶುರುವಾಗುತ್ತದೆ.

ಎಸ್.ಎಸ್.ಎಲ್.ಸಿ. ಮೌಲ್ಯಮಾಪನ ಮಾಡಿದ ಶಿಕ್ಷಕರು ಇಲ್ಲಿದ್ದೀರಿ. ಅಂಕ ನೀಡುವ ಯೋಜನೆಯನ್ನು ಕೊಡದೆ, ಒಂದೊಂದು ಕೇಂದ್ರದವರು ತಮಗೆ ತೋಚಿದಂತೆ ಅಂಕ ಹಾಕಿದ್ದರೆ ಏನಾಗುತ್ತಿತ್ತು? ಒಂದು ಜಿಲ್ಲೆಯ ಫಲಿತಾಂಶ ಮೇಲೆ, ಇನ್ನೊಂದರದು ಕೆಳಗೆ. ಮಕ್ಕಳು ಬುದ್ಧಿವಂತರೋ, ಮೌಲ್ಯಮಾಪಕರು ಧಾರಾಳಿಗಳೋ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಿ.ಎಡ್. ಓದುವಾಗ ವಿಶ್ವಸನೀಯತೆ, ಸಪ್ರಮಾಣತೆ ಎಂಬ ಎರಡು ಶಬ್ದಗಳನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಅವುಗಳ ನಿಜವಾದ ಅರ್ಥ ನನಗೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಆಯಿತು.

ಮಿದುಳುಪೊರೆಯ ಕ್ಷಯದ ಸಂಶೋಧನೆಯಲ್ಲಿ ಬಹಳ ಕಾಲ ಹೀಗೆಯೇ ನಡೆದಿತ್ತು. ಒಂದು ಆಸ್ಪತ್ರೆಯವರು ರೋಗಾಣು ಕಣ್ಣಿಗೆ ಬಿದ್ದ ರೋಗಿಗಳನ್ನು ಮಾತ್ರ ಎಣಿಸಿದರು. ಇನ್ನೊಂದು ಕಡೆ ಅನುಮಾನವಿದ್ದ ಎಲ್ಲರನ್ನೂ ಎಣಿಸಿದರು, ಅವರಲ್ಲಿ ಕೆಲವರಿಗೆ ಬೇರೆಯೇ ಕಾಯಿಲೆ ಇದ್ದಿರಬಹುದು. ಒಂದು ಊರಿನಲ್ಲಿ ರೋಗಿಗಳು ನಡೆದುಕೊಂಡು ಬಂದರು, ಇನ್ನೊಂದು ಊರಿನಲ್ಲಿ ಪ್ರಜ್ಞೆ ತಪ್ಪಿದ ಮೇಲೆ ಹೊತ್ತು ತಂದರು. ಗುಣವಾಯಿತು ಎಂಬ ಮಾತಿಗೆ ಒಬ್ಬೊಬ್ಬರದು ಒಂದೊಂದು ಅರ್ಥ. ಹೀಗಿರುವಾಗ ಒಂದು ಔಷಧಿಯಿಂದ ಇಲ್ಲಿ ಹೆಚ್ಚು ಮಂದಿ ಬದುಕಿದರು, ಅಲ್ಲಿ ಕಡಿಮೆ ಎಂದರೆ, ಅದು ಔಷಧಿಯ ಗುಣವೋ ಎಣಿಕೆಯ ಗುಣವೋ? ಒಂದೊಂದು ಆಸ್ಪತ್ರೆಗೆ ವರ್ಷಕ್ಕೆ ಬರುವ ಇಂಥ ರೋಗಿಗಳು ಸ್ವಲ್ಪವೇ. ಹಲವು ಕಡೆಯ ಲೆಕ್ಕವನ್ನು ಕೂಡಿಸದೆ ಉತ್ತರ ಸಿಗದು. ಅಳತೆಗೋಲು ಬೇರೆ ಬೇರೆಯಾದರೆ ಕೂಡಿಸಲಾಗದು.

ಹೋಲಿಸಿ ನೋಡಿ ಸತ್ಯ ಕಂಡುಕೊಳ್ಳುವ ಈ ಹಾದಿ ನಮಗೆ ಅಪರಿಚಿತವಲ್ಲ. ಹಕೀಮ್ ಅಬೂ ಬಕರ್ ಅಲ್ ರಾಝಿಯವರ ಹೆಸರನ್ನು ನೀವು ಕೇಳಿದ್ದೀರಿ. ಸುಮಾರು 1100 ವರ್ಷಗಳ ಹಿಂದೆ ರಯ್ ಮತ್ತು ಬಗ್ದಾದ್ ನಗರಗಳ ಆಸ್ಪತ್ರೆಗಳನ್ನು ನಡೆಸಿದವರು. ಅವರ ಟಿಪ್ಪಣಿಗಳಿಂದ ಕೂಡಿಸಿದ ಅಲ್ ಹಾವಿ ಎಂಬ ಬೃಹತ್ ಗ್ರಂಥದಲ್ಲಿ ಸರ್ಸಾಮ್ ಎಂಬ ರೋಗದ ಪ್ರಸ್ತಾಪವಿದೆ. ಉರ್ದು ಓದಿದವರಿಗೆ ಈ ಶಬ್ದ ಗೊತ್ತು, ಮಿದುಳುಪೊರೆಯ ಉರಿಯೂತಕ್ಕೆ ಹಕೀಮರು ಇಟ್ಟ ಹೆಸರು. ರಾಝಿಯವರು ಸರ್ಸಾಮ್‌ನ ಲಕ್ಷಣ ಕಂಡ ಒಂದು ಗುಂಪಿನವರಿಗೆ ರಕ್ತ ತೆಗೆಯುವ ಚಿಕಿತ್ಸೆ ಮಾಡಿ, ಇನ್ನೊಂದು ಗುಂಪನ್ನು ಬೇಕೆಂದೇ ಹಾಗೆಯೇ ಬಿಟ್ಟು, ವ್ಯತ್ಯಾಸ ನೋಡಿ ತೀರ್ಮಾನಕ್ಕೆ ಬರಲು ಯತ್ನಿಸಿದ್ದಾಗಿ ಬರೆದಿದ್ದಾರೆ. ಇಷ್ಟು ಹಿಂದೆಯೇ ಇಂಥ ವಿಚಾರ! ಹೆಮ್ಮೆಪಡೋಣ. ಆದರೆ ಹೆಮ್ಮೆಗೇ ನಿಲ್ಲಬಾರದು. ರಕ್ತ ತೆಗೆದರೆ ಒಳ್ಳೆಯದು ಎಂಬ ಅವರ ತೀರ್ಮಾನ ಇಂದಿನ ತಿಳಿವಳಿಕೆಯಂತೆ ತಪ್ಪು. ಎರಡು ಗುಂಪುಗಳೂ ಒಂದೇ ಬಗೆಯ ರೋಗಿಗಳಾಗಿದ್ದರೇ, ಒಂದೇ ಹಂತದಲ್ಲಿದ್ದರೇ ಎಂದು ತಿಳಿಯುವ ಸಾಧನ ಅವರಲ್ಲಿರಲಿಲ್ಲ. ಅಷ್ಟು ದೊಡ್ಡ ಹಕೀಮರೂ ಒಬ್ಬರೇ ನೋಡಿದಾಗ ತಪ್ಪಬಹುದು ಎಂದರೆ, ಸಾಮಾನ್ಯರಾದ ನಾವು ಎಷ್ಟು ಎಚ್ಚರದಿಂದಿರಬೇಕು!

ಇನ್ನೊಂದು ಉದಾಹರಣೆ ನಿಮ್ಮ ಮದರಸಾದ ಪಾಠದಲ್ಲೇ ಇದೆ. ಹದೀಸ್ ಸಂಗ್ರಹಿಸಿದ ವಿದ್ವಾಂಸರು ಕೇಳಿದ್ದನ್ನೆಲ್ಲ ಒಂದೇ ತಕ್ಕಡಿಯಲ್ಲಿ ಹಾಕಲಿಲ್ಲ. ಹೇಳಿದವರು ಯಾರು, ಅವರು ಯಾರಿಂದ ಕೇಳಿದರು, ನಡುವೆ ಕೊಂಡಿ ತಪ್ಪಿದೆಯೇ ಎಂದು ವಿಚಾರಿಸಿ ಸಹೀಹ್, ಹಸನ್, ಝಯೀಫ್ ಎಂದು ದರ್ಜೆ ಗೊತ್ತುಪಡಿಸಿದರು. ದರ್ಜೆಯನ್ನು ಬರೆದಿಟ್ಟದ್ದರಿಂದ ದೂರದ ಊರಿನ ವಿದ್ವಾಂಸನಿಗೂ ಯಾವುದರ ಮೇಲೆ ಎಷ್ಟು ಭಾರ ಹಾಕಬಹುದೆಂದು ತಿಳಿಯಿತು.

ಮಿದುಳುಪೊರೆಯ ಕ್ಷಯದ ವಿಷಯದಲ್ಲಿಯೂ ಈಗ ಇಂಥದೇ ದರ್ಜೆಗಳಿವೆ. 1948ರಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್, ಸ್ಟ್ರೆಪ್ಟೊಮೈಸಿನ್ ಪ್ರಯೋಗದ ವೇಳೆ, ರೋಗಿ ಬಂದಾಗಿನ ಸ್ಥಿತಿಯನ್ನು ಮೂರು ಹಂತಗಳಾಗಿ ವಿಂಗಡಿಸಿತು. 1974ರಲ್ಲಿ ಪ್ರಜ್ಞೆಯ ಮಟ್ಟವನ್ನು 3ರಿಂದ 15ರವರೆಗೆ ಅಂಕಗಳಲ್ಲಿ ಅಳೆಯುವ ಗ್ಲಾಸ್ಗೋ ಮಾಪನ ಬಂದ ಮೇಲೆ ಈ ಹಂತಗಳು ಇನ್ನಷ್ಟು ಖಚಿತವಾದವು. ಪ್ರಜ್ಞೆ ಪೂರ್ತಿಯಿದ್ದು ನರದೌರ್ಬಲ್ಯವಿಲ್ಲದಿದ್ದರೆ ಮೊದಲ ಹಂತ. ಅಂಕ 11ರಿಂದ 14 ಇದ್ದರೆ, ಅಥವಾ 15 ಇದ್ದೂ ನರದೌರ್ಬಲ್ಯವಿದ್ದರೆ ಎರಡನೆಯದು. 10 ಅಥವಾ ಅದಕ್ಕಿಂತ ಕಡಿಮೆಯಾದರೆ ಮೂರನೆಯದು. ರೋಗಿ ಯಾವ ಹಂತದಲ್ಲಿ ಬಂದನೆಂಬುದರ ಮೇಲೆ ಉಳಿವು ಅಳಿವು ಬಹುಮಟ್ಟಿಗೆ ನಿಂತಿದೆ.

ಮುಂದೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಹಲವು ದೇಶಗಳ ಸಂಶೋಧಕರು ಸಭೆ ಸೇರಿ, ಸಂಶೋಧನೆಗಾಗಿ ಒಂದೇ ವ್ಯಾಖ್ಯೆಯನ್ನು ರೂಪಿಸಿದರು. ಅದು 2010ರಲ್ಲಿ ಪ್ರಕಟವಾಯಿತು. ಅದರಂತೆ ಬೆನ್ನಿನ ನೀರಿನಲ್ಲಿ ರೋಗಾಣು ಸಿಕ್ಕಿದರೆ ಖಚಿತ. ಸಿಗದಿದ್ದರೆ ಅಂಕಗಳ ಲೆಕ್ಕ. ರೋಗಲಕ್ಷಣ ಮತ್ತು ಹಿನ್ನೆಲೆಗೆ ಹೆಚ್ಚೆಂದರೆ 6 ಅಂಕ, ಬೆನ್ನಿನ ನೀರಿನ ಸ್ವರೂಪಕ್ಕೆ 4, ಮಿದುಳಿನ ಸ್ಕ್ಯಾನಿಗೆ 6, ದೇಹದ ಬೇರೆ ಕಡೆ ಕ್ಷಯದ ಕುರುಹಿಗೆ 4. ಸ್ಕ್ಯಾನ್ ಇಲ್ಲದೆ 10, ಸ್ಕ್ಯಾನ್ ಇದ್ದರೆ 12 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದವರು ಬಹುತೇಕ ಸಂಭವ ಎಂಬ ದರ್ಜೆಗೆ. 6ರಿಂದ ಮೇಲೆ, ಆ ಮಿತಿಯೊಳಗೆ ಇದ್ದವರು ಸಾಧ್ಯ ಎಂಬ ದರ್ಜೆಗೆ. ಬೇರೆ ಕಾಯಿಲೆಗಳು ಇಲ್ಲವೆಂದೂ ನೋಡಿರಬೇಕು.

ಈಗ ಗಮನವಿಟ್ಟು ಕೇಳಿ. ಲಕ್ಷಣ 5 ದಿನಕ್ಕಿಂತ ಹೆಚ್ಚು ಕಾಲದಿಂದ ಇದ್ದರೆ 4 ಅಂಕ. ಕಳೆದ ಒಂದು ವರ್ಷದಲ್ಲಿ ಶ್ವಾಸಕೋಶದ ಕ್ಷಯವಿದ್ದವರ ನಿಕಟ ಸಂಪರ್ಕವಿದ್ದರೆ 2 ಅಂಕ. ಎರಡೂ ಸೇರಿದರೆ 6, ಆ ವಿಭಾಗದ ಪೂರ್ತಿ ಅಂಕ. ಇವನ್ನು ಯಾವ ಯಂತ್ರವೂ ಹೇಳದು. ಮನೆಯವರೇ ಹೇಳಬೇಕು. ಆ ಕಿರಿಯ ವೈದ್ಯರ ಎರಡು ಪ್ರಶ್ನೆಗಳ ಬೆಲೆ ಇಷ್ಟು. ಒಂದರ ಉತ್ತರ ಹಾಜರಿ ಪುಸ್ತಕದಲ್ಲಿ ಸಿಕ್ಕಿತು. ಇನ್ನೊಂದರ ಉತ್ತರವನ್ನು ನಾಚಿಕೆಯು ಮೂರು ದಿನ ಬಚ್ಚಿಟ್ಟಿತ್ತು.

ಒಂದು ಎಚ್ಚರಿಕೆಯ ಮಾತು. ಈ ಅಂಕಪಟ್ಟಿ ಸಂಶೋಧನೆಗಾಗಿ ಮಾಡಿದ್ದು. ಅಂಕ ಕಡಿಮೆ ಬಂತೆಂದು ಯಾರಿಗೂ ಚಿಕಿತ್ಸೆ ನಿರಾಕರಿಸುವಂತಿಲ್ಲ. ಆ ನಿರ್ಧಾರ ವೈದ್ಯರದು.

ವ್ಯಾಖ್ಯೆ ಒಂದಾದರೆ ಸಾಲದು, ಕೆಲಸದ ಕ್ರಮವೂ ಒಂದಾಗಬೇಕು. 2015ರಲ್ಲಿ ವಿಯೆಟ್ನಾಮಿನ ದಲಾತ್ ನಗರದಲ್ಲಿ ಈ ರೋಗದ ಸಂಶೋಧಕರ ಅಂತರರಾಷ್ಟ್ರೀಯ ಒಕ್ಕೂಟ ಸಭೆ ಸೇರಿತು. ಯಾವ ಅಧ್ಯಯನದಲ್ಲಿ ಏನೇನು ಬರೆದಿಡಲೇಬೇಕು ಎಂಬ ಅವರ ಶಿಫಾರಸುಗಳು 2017ರಲ್ಲಿ ಪ್ರಕಟವಾದವು. 2019ರಲ್ಲಿ ಅದೇ ಒಕ್ಕೂಟ ನಮ್ಮ ಲಖನೌದಲ್ಲಿ ಸೇರಿತು. ಲಖನೌ ಎಂದರೆ ನಮ್ಮಂಥ ಉರ್ದು ಶಿಕ್ಷಕರಿಗೆ ಗಝಲ್ ಮತ್ತು ಅದಬ್‌ನ ನೆನಪು. ಇನ್ನು ಮುಂದೆ ಇದೂ ನೆನಪಿರಲಿ.

ಬರೆದಿಡಬೇಕಾದದ್ದು ಏನು? ರೋಗ ಶುರುವಾದ ದಿನ, ಬಂದಾಗಿನ ಹಂತ, ಎಚ್‌.ಐ.ವಿ. ಸ್ಥಿತಿ, ಅದಕ್ಕೆ ಮೊದಲು ಕೊಟ್ಟ ಔಷಧಿ, ಯಾವ ಔಷಧಿ ಎಷ್ಟು ಪ್ರಮಾಣದಲ್ಲಿ ಎಷ್ಟು ದಿನ. ಬೆನ್ನಿನ ನೀರು ಎಷ್ಟು ತೆಗೆದರು ಎಂಬುದೂ ಮುಖ್ಯ. ದೊಡ್ಡವರಲ್ಲಿ ಕನಿಷ್ಠ 6 ಮಿಲಿಲೀಟರ್ ಬೇಕು, ಸ್ವಲ್ಪವೇ ತೆಗೆದರೆ ಅದರಲ್ಲಿ ರೋಗಾಣು ಸಿಗುವ ಸಂಭವವೂ ಸ್ವಲ್ಪವೇ. ಬೆನ್ನಿನ ನೀರು ತೆಗೆದರೆ ಕಾಲು ಬಿದ್ದುಹೋಗುತ್ತದೆ ಎಂಬ ಹೆದರಿಕೆ ನಮ್ಮ ಮೊಹಲ್ಲಾಗಳಲ್ಲಿ ಬಹಳ. ದೊಡ್ಡವರ ದೇಹ ದಿನಕ್ಕೆ ಸುಮಾರು ಅರ್ಧ ಲೀಟರ್ ಆ ನೀರನ್ನು ಹೊಸದಾಗಿ ತಯಾರಿಸುತ್ತದೆ. 6 ಮಿಲಿಲೀಟರ್ ಎಂದರೆ ಒಂದು ಟೀ ಚಮಚಕ್ಕಿಂತ ತುಸು ಹೆಚ್ಚು, ಅಷ್ಟೆ.

ಫಲಿತಾಂಶವನ್ನೂ ಒಂದೇ ರೀತಿ ಅಳೆಯಬೇಕು. ಬದುಕಿದರೋ ಸತ್ತರೋ ಎಂಬುದಷ್ಟೇ ಅಲ್ಲ, ಬದುಕಿದವರು ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲರೇ, ಮಗು ಮತ್ತೆ ಕಲಿಯಬಲ್ಲದೇ ಎಂದು ಮೊದಲೇ ಗೊತ್ತುಪಡಿಸಿದ ಅವಧಿಗಳಲ್ಲಿ ನೋಡಬೇಕು. ನಮ್ಮ ಹುಡುಗಿಯನ್ನು ಮನೆಗೆ ಕಳಿಸುವಾಗ ಕೊಟ್ಟ ಚೀಟಿಯಲ್ಲಿ ಸುಧಾರಿಸಿದೆ ಎಂದು ಒಂದೇ ಶಬ್ದವಿತ್ತು. ಅವಳ ಬಲಗೈ ಏಳುತ್ತಿರಲಿಲ್ಲ. ಆ ಒಂದು ಶಬ್ದದಲ್ಲಿ ಬಲಗೈ ಎಲ್ಲಿದೆ?

ಎಚ್ಚರಿಕೆಯ ಅಳತೆಯಿಂದ ಏನು ಸಿಕ್ಕಿದೆ ಎಂದು ಕೇಳುವಿರಿ. 2004ರಲ್ಲಿ ವಿಯೆಟ್ನಾಮಿನಲ್ಲಿ 14 ವರ್ಷ ದಾಟಿದ 545 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಔಷಧಿಯನ್ನು ಕ್ಷಯದ ಗುಳಿಗೆಗಳ ಜೊತೆ ಕೊಟ್ಟಾಗ, ನೂರಕ್ಕೆ ಸುಮಾರು 41 ಇದ್ದ ಸಾವು ಸುಮಾರು 32ಕ್ಕೆ ಇಳಿಯಿತು. ಆದರೆ ತೀವ್ರ ಅಂಗವೈಕಲ್ಯ ಕಡಿಮೆಯಾಗಲಿಲ್ಲ ಎಂಬುದೂ ಅದೇ ಲೆಕ್ಕದಿಂದ ತಿಳಿಯಿತು. ಎಚ್‌.ಐ.ವಿ. ಇದ್ದವರಿಗೂ ಇದು ಹಾಗೆಯೇ ನಾಟುತ್ತದೆ ಎಂದು ಅನೇಕರು ಭಾವಿಸಿದ್ದರು. ವಿಯೆಟ್ನಾಂ ಮತ್ತು ಇಂಡೋನೇಷ್ಯಾದ 520 ರೋಗಿಗಳ ಪರೀಕ್ಷೆ 2023ರಲ್ಲಿ ಪ್ರಕಟವಾದಾಗ, ಅವರಲ್ಲಿ ಸಾವು ಖಚಿತವಾಗಿ ತಗ್ಗಿದ್ದು ಕಾಣಲಿಲ್ಲ. ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ 60 ರೋಗಿಗಳಿಗೆ ರಿಫಾಂಪಿಸಿನ್ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳದ ಮೂಲಕ ಕೊಟ್ಟು ನೋಡಿದಾಗ ಸಾವು ಬಹಳ ಇಳಿದಿತ್ತು, ಅದು 2013ರ ಮಾತು. 2016ರಲ್ಲಿ ವಿಯೆಟ್ನಾಮಿನ 817 ರೋಗಿಗಳಿಗೆ ಹೆಚ್ಚಿನ ರಿಫಾಂಪಿಸಿನ್ ಜೊತೆ ಇನ್ನೊಂದು ಔಷಧಿ ಸೇರಿಸಿ ಬಾಯಿಯ ಮೂಲಕ ಕೊಟ್ಟಾಗ ಪ್ರಯೋಜನ ಕಾಣಲಿಲ್ಲ. ಇವು ನಿರಾಶೆಯ ಸುದ್ದಿಗಳಂತೆ ಕಾಣುತ್ತವೆ. ಆದರೆ ಔಷಧಿಯ ಪ್ರಮಾಣ, ಕೊಟ್ಟ ದಾರಿ, ರೋಗಿಗಳ ಹಂತ ಎಲ್ಲವನ್ನೂ ಬರೆದಿಟ್ಟದ್ದರಿಂದಲೇ ಎಲ್ಲಿ ವ್ಯತ್ಯಾಸವಾಯಿತೆಂದು ಮುಂದಿನವರು ಹುಡುಕಬಲ್ಲರು. ಬರೆದಿಡದ ಸೋಲಿನಿಂದ ಯಾರಿಗೂ ಪಾಠವಿಲ್ಲ.

ಹಾಗಾದರೆ ಸಂಶೋಧಕರಲ್ಲದ ನಾವು ಮಾಡಬೇಕಾದದ್ದು ಏನು?

ಶಿಕ್ಷಕ ಬಂಧುಗಳೇ, ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಆ 23 ದಿನಗಳ ಹಾಜರಿ ಹಾಕಿದ್ದು ನಾನೇ. ಗೈರು ಎಂದು ಬರೆದೆ, ಏಕೆ ಎಂದು ಕೇಳಲಿಲ್ಲ. ತಾರೀಖು ಉಳಿದದ್ದು ನನ್ನ ಕಾಳಜಿಯಿಂದಲ್ಲ, ನಿಯಮದಿಂದ. ಈಗ ನಾನು ಪ್ರತಿ ರಜೆಯ ಪಕ್ಕದಲ್ಲಿ ಕಾರಣವನ್ನೂ ಬರೆಯುತ್ತೇನೆ. ಜ್ವರದೊಡನೆ ತಲೆನೋವು ಐದು ದಿನ ದಾಟಿದರೆ, ವಾಂತಿ, ಓರೆಗಣ್ಣು, ಮಂಪರು ಕಂಡರೆ, ಮಗು ಸುಮ್ಮನೆ ಸಿಡುಕತೊಡಗಿದರೆ, ಮನೆಯವರನ್ನು ಕರೆಸಿ ದೊಡ್ಡ ಆಸ್ಪತ್ರೆಗೆ ಹೋಗಲು ಹೇಳುತ್ತೇನೆ. ನೀವೂ ಹಾಗೆ ಮಾಡಿರಿ.

ಪೋಷಕರೇ, ದುಆ ಮಾಡಿರಿ, ಜೊತೆಗೆ ಚಿಕಿತ್ಸೆಯನ್ನೂ ಮಾಡಿಸಿರಿ. ಹುಟ್ಟಿದ ಮಗುವಿಗೆ ಬಿ.ಸಿ.ಜಿ. ಚುಚ್ಚುಮದ್ದು ತಪ್ಪಿಸಬೇಡಿ, ಚಿಕ್ಕ ಮಕ್ಕಳನ್ನು ಈ ರೋಗದಿಂದ ಕಾಪಾಡುವುದರಲ್ಲಿ ಅದರ ಪಾತ್ರ ದೊಡ್ಡದು. ಮನೆಯಲ್ಲಿ ಒಬ್ಬರಿಗೆ ಟಿ.ಬಿ. ಎಂದು ತಿಳಿದರೆ ಮಕ್ಕಳನ್ನೆಲ್ಲ ಪರೀಕ್ಷೆ ಮಾಡಿಸಿರಿ, ರೋಗ ಬಾರದಂತೆ ತಡೆಯುವ ಔಷಧಿಯೂ ಇದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆ, ಗುಳಿಗೆ ಉಚಿತ. ಗುಳಿಗೆಯನ್ನು ನಡುವೆ ಬಿಡಬೇಡಿ. ಎಲ್ಲಕ್ಕಿಂತ ಮುಖ್ಯ, ಮುಚ್ಚಿಡಬೇಡಿ. ಟಿ.ಬಿ. ಬಂದದ್ದು ಗುನಾಹ್ ಅಲ್ಲ. ಸಂಬಂಧ ತಪ್ಪೀತೆಂದು ಬಾಯಿ ಮುಚ್ಚಿದರೆ ಮಗುವೇ ತಪ್ಪಿಹೋದೀತು. ಆಸ್ಪತ್ರೆಯ ಚೀಟಿ, ಸ್ಕ್ಯಾನು, ಗುಳಿಗೆಯ ಹಾಳೆ ಯಾವುದನ್ನೂ ಎಸೆಯಬೇಡಿ. ಯಾರಾದರೂ ಸಂಶೋಧನೆಗೆ ಸೇರುವಿರಾ ಎಂದು ಕೇಳಿದರೆ ಹೆದರಬೇಡಿ, ಹಾಗೆಂದು ಓದದೆ ಸಹಿಯನ್ನೂ ಹಾಕಬೇಡಿ. ಪ್ರಶ್ನೆ ಕೇಳುವುದು ನಿಮ್ಮ ಹಕ್ಕು, ಬೇಡ ಎನ್ನುವುದೂ ನಿಮ್ಮ ಹಕ್ಕು.

ವಿದ್ಯಾರ್ಥಿಗಳೇ, ನಮ್ಮಲ್ಲಿ ಮಕ್ಕಳು ಡಾಕ್ಟರ್ ಆಗಬೇಕು, ಇಲ್ಲವಾದರೆ ಇಂಜಿನಿಯರ್ ಆಗಬೇಕು ಎನ್ನುತ್ತಾರೆ. ಈ ಕೆಲಸದಲ್ಲಿ ಡಾಕ್ಟರರ ಜೊತೆಗೆ ಪ್ರಯೋಗಾಲಯದ ತಂತ್ರಜ್ಞರು, ದಾದಿಯರು, ಸಂಖ್ಯಾಶಾಸ್ತ್ರ ಓದಿದವರು, ಮನೆಮನೆಗೆ ಹೋಗಿ ರೋಗಿಯ ಭಾಷೆಯಲ್ಲೇ ವಿಚಾರಿಸಿ ಸರಿಯಾಗಿ ಬರೆದುಕೊಳ್ಳುವವರು ಬೇಕು. ಉರ್ದು, ಕನ್ನಡ ಎರಡೂ ಬಲ್ಲ ನೀವು, ಅಜ್ಜಿ ಹೇಳಿದ ಚಾಂದ್‌ನ ಲೆಕ್ಕವನ್ನು ತಾರೀಖಿಗೆ ತರಬಲ್ಲಿರಿ. ಪ್ರಯೋಗದ ದಾಖಲೆ ಪುಸ್ತಕದಲ್ಲಿ ಬಾರದ ಉತ್ತರವನ್ನು ಪಕ್ಕದವನಿಂದ ನೋಡಿ ಬರೆಯುವ ಅಭ್ಯಾಸವನ್ನು ಇಂದೇ ಬಿಡಿ. ಕಂಡದ್ದನ್ನು ಕಂಡಂತೆ ಬರೆಯುವುದು ಅಮಾನತ್.

ಆ ಹುಡುಗಿ ಒಂದು ವರ್ಷ ಕಳೆದು ಶಾಲೆಗೆ ಬಂದಳು. ತನಗಿಂತ ಚಿಕ್ಕವರ ಜೊತೆ ಕೂತು ಎಡಗೈಯಿಂದ ಅಲಿಫ್ ಬರೆಯುವುದನ್ನು ಮತ್ತೆ ಕಲಿತಳು. ಅಕ್ಷರ ಮೊದಲಿನಂತಿಲ್ಲ, ಆದರೆ ಓದಲು ಬರುತ್ತದೆ. ಪ್ರತಿ ದಿನ ಹಾಜರಿ ಕೂಗುವಾಗ ಅವಳ ಹೆಸರಿಗೆ ಬಂದಾಗ ನಾನು ತಲೆಯೆತ್ತಿ ನೋಡಿ ಆಮೇಲೆ ಗುರುತು ಹಾಕುತ್ತೇನೆ. ಈಗ ಎಲ್ಲರ ಹೆಸರಿಗೂ ಹಾಗೆಯೇ ನೋಡುವ ಅಭ್ಯಾಸವಾಗಿದೆ.

 ಅಲ್ಲಾಹನು ನಮ್ಮ ಮಕ್ಕಳಿಗೆ ಆರೋಗ್ಯವನ್ನೂ ಪ್ರಯೋಜನಕಾರಿಯಾದ ಜ್ಞಾನವನ್ನೂ ಕರುಣಿಸಲಿ. ಆಮೀನ್.

ವಸ್ಸಲಾಮ್.